ಬೋಟ್‌ಗೆ ದೊಡ್ಡ ಎಂಜಿನ್ ಹಾಕಿದರೆ ಮೀನು ಹೆಚ್ಚು ಸಿಗುತ್ತದೆಯೇ?

ಸಾಲ ಮಾಡಿ ಬೋಟ್‌ಗೆ ದೊಡ್ಡ ಎಂಜಿನ್ ಹಾಕಲೇ ಎಂದು ಪತ್ರ ಬರೆದು ಕೇಳಿದ್ದೀರಿ. ಹಾಕಬೇಡಿ. ಟ್ರಾಲ್ ಬೋಟ್ (ಚೀಲದಂಥ ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಬೋಟ್), ಡೀಸೆಲ್ ದುಡ್ಡೂ ಹುಟ್ಟದ ಸೀಸನ್, ಸಾಲ ಕೊಡಲು ತಯಾರಿರುವ ಬ್ಯಾಂಕ್: ನೀವು ಬರೆದ ಇದೇ ಲೆಕ್ಕ ಹಿಡಿದುಕೊಂಡು ನಾನೂ ಮಲ್ಪೆ ಬಂದರಿನಲ್ಲಿ ಓಡಾಡಿದವನು.

ನಾನು ಎಂಜಿನ್ ಬದಲಿಸಿದೆ. ಮೊದಲ ವರ್ಷ ಪರವಾಗಿಲ್ಲ ಎನ್ನುವ ಹಾಗಿತ್ತು, ಇನ್ನೂ ಆಳಕ್ಕೆ, ಇನ್ನೂ ಉತ್ತರಕ್ಕೆ ಹೋಗಿ ಬಲೆ ಎಳೆದೆವು. ಡೀಸೆಲ್ ಮಾತ್ರ ನೀರಿನಂತೆ ಹೋಯಿತು. ಆದರೆ ನನ್ನನ್ನು ಮುಳುಗಿಸಿದ್ದು ಎಂಜಿನ್ ಅಲ್ಲ. ಅದರ ಕಂತು ಕಟ್ಟಲೆಂದು ಬಲೆಗೆ ಮಾಡಿದ ಕೆಲಸ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಬೋಟ್ ನಡೆಸುವ ತಂಡೇಲನೂ ಇದನ್ನೇ ಸೂಚಿಸುತ್ತಾನೆ. ಟ್ರಾಲ್ ಬಲೆಯ ಬಾಯಿ ಎಷ್ಟೇ ಅಗಲವಿರಲಿ, ಯಾವ ಮೀನು ಉಳಿಯಬೇಕು ಯಾವುದು ಸಾಯಬೇಕು ಎನ್ನುವುದು ನಿರ್ಧಾರವಾಗುವುದು ಕೊನೆಯ ಚೀಲದಲ್ಲಿ. ಅದರ ಕಣ್ಣು, ಅಂದರೆ ಬಲೆಯ ತೂತು, 35 ಮಿ.ಮೀ. ಇರಬೇಕು, ಅದೂ ಚೌಕ ಕಣ್ಣು. ಓರೆ ಕಣ್ಣಿನ ಬಲೆ ಭಾರ ಬಿದ್ದ ಕೂಡಲೇ ಎಳೆದುಕೊಂಡು ಮುಚ್ಚಿಹೋಗುತ್ತದೆ. ಹಾಗಾಗಿ ಅಳತೆ ಸರಿಯಿದ್ದರೂ ಮರಿ ಹೊರಗೆ ನುಸುಳಲಾರದು. ಚೌಕ ಕಣ್ಣು ಎಳೆತಕ್ಕೂ ತೆರೆದೇ ಇರುತ್ತದೆ. ನಮ್ಮದು ಓರೆ ಕಣ್ಣಿನದೇ ಆಗಿತ್ತು. ಸಾಲದ್ದಕ್ಕೆ ಅದರ ಒಳಗೆ ಸಣ್ಣ ಕಣ್ಣಿನ ಇನ್ನೊಂದು ಚೀಲ ಹೊಲಿಸಿದೆ.

ಯಾಕೆ ಹೊಲಿಸಿದೆ? ಫಿಶ್‌ಮಿಲ್ (ಮೀನು ಅರೆದು ಹಿಟ್ಟು ಮಾಡುವ ಗಿರಣಿ) ಏಜೆಂಟ್ ಬೋಟ್ ಮೀನು ಇಳಿಸುವ ದಕ್ಕೆಯಲ್ಲೇ ನಗದು ಕೊಡುತ್ತಿದ್ದ, ಮರಿ, ಬಲಿತದ್ದು ಎಂದು ನೋಡುತ್ತಿರಲಿಲ್ಲ. ಮೊದಲೆಲ್ಲ ಟ್ರಿಪ್‌ನ ಆರಂಭದ ದಿನಗಳಲ್ಲಿ ಬಂದ ಮರಿಮೀನನ್ನು ಸಮುದ್ರಕ್ಕೇ ಸುರಿಯುತ್ತಿದ್ದೆವು (ಅವು ಅಷ್ಟರಲ್ಲಿ ಸತ್ತೇ ಇರುತ್ತಿದ್ದವು, ಅದೂ ಪುಣ್ಯದ ಕೆಲಸವೇನಲ್ಲ), ಕೊನೆಯ ಎಳೆತದ್ದನ್ನು ಮಾತ್ರ ದಡಕ್ಕೆ ತರುತ್ತಿದ್ದೆವು. ಮಿಲ್ಲಿನ ದುಡ್ಡು ರುಚಿ ಹತ್ತಿದ ಮೇಲೆ ಎಲ್ಲವನ್ನೂ ತುಂಬಿ ತಂದೆವು. ಬೆರಳುದ್ದದ ರಾಣಿಮೀನು, ರಿಬ್ಬನ್‌ನಷ್ಟೂ ಅಗಲವಿಲ್ಲದ ಪಾಂಬೋಲ್ (ರಿಬ್ಬನ್ ಮೀನು), ಎಳೆ ಬೊಂಡಾಸ್ (ಸ್ಕ್ವಿಡ್). ನಾನು ನೋಡಿದ್ದು ತೂಕವನ್ನು ಮಾತ್ರ. ಒಂದು ಬುಟ್ಟಿಯಲ್ಲಿ ಎಷ್ಟು ಜೀವ ಇದೆ, ಅವು ಬಲಿತಿದ್ದರೆ ಎಷ್ಟು ಬುಟ್ಟಿ ಆಗುತ್ತಿತ್ತು ಎಂದು ಲೆಕ್ಕ ಹಾಕಲೇ ಇಲ್ಲ. ಬಲಿತ ರಾಣಿಮೀನನ್ನು ಸುರಿಮಿ (ಮೀನಿನ ಮಾಂಸದ ಮುದ್ದೆ) ಮಾಡುವ ಕಂಪನಿಯವರು ಒಳ್ಳೆಯ ದರಕ್ಕೆ ಒಯ್ಯುತ್ತಾರೆ. ಅದೇ ಮೀನನ್ನು ನಾನು ಗೊಬ್ಬರದ ಬೆಲೆಗೆ ಕೊಟ್ಟೆ. ಬಿತ್ತನೆ ಭತ್ತವನ್ನು ಕುಟ್ಟಿ ಅವಲಕ್ಕಿ ಮಾಡಿಕೊಂಡ ಹಾಗೆ.

ಕೇರಳದಲ್ಲಿ ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದವನ್ನು ಕಾನೂನೇ ಮಾಡಿದ್ದಾರೆ: ಬೂತಾಯಿಗೆ (ಸಾರ್ಡೀನ್) 10 ಸೆಂ.ಮೀ., ಬಂಗುಡೆಗೆ 14, ಪಾಂಬೋಲಿಗೆ 46. ನನ್ನ ಒಳಚೀಲದಲ್ಲಿ ಬಂದ ಪಾಂಬೋಲ್ ಹೆಚ್ಚಿನವು ಅದರ ಅರ್ಧಕ್ಕೂ ಬರುತ್ತಿರಲಿಲ್ಲ. ಎರಡು ಮೂರು ಸೀಸನ್ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಬಲೆ ಎಳೆದರೆ ಜೆಲ್ಲಿ ಮೀನು, ಕಸ. ಸಾಲ ಉಳಿಯಿತು, ಬೋಟ್ ಉಳಿಯಲಿಲ್ಲ.

"ನಾನೊಬ್ಬ ಬಿಟ್ಟರೆ ಪಕ್ಕದವನು ಹಿಡಿಯುತ್ತಾನೆ" ಎಂದು ಬರೆದಿದ್ದೀರಿ. ಹೌದು, ಹಿಡಿಯುತ್ತಾನೆ. ನಾನೂ ಅದನ್ನೇ ಹೇಳಿದ್ದೆ, ನನ್ನ ಪಕ್ಕದವನೂ ನನ್ನನ್ನು ತೋರಿಸಿ ಅದನ್ನೇ ಹೇಳಿದ್ದ. ಕೇರಳದಲ್ಲಿ 2012ರಲ್ಲಿ ಹತ್ತಿರ ಹತ್ತಿರ 4 ಲಕ್ಷ ಟನ್ ಬೂತಾಯಿ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಎಲ್ಲವೂ ಬಲೆಯ ತಪ್ಪಲ್ಲ, ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯಾಗಿ ಹವಾಮಾನ ಏರುಪೇರಾಗುವುದು) ಬಂತು, ನೀರು ಬಿಸಿಯಾಯಿತು. ಆದರೆ ನೀರು ಕೈಕೊಟ್ಟ ವರ್ಷ ಮತ್ತೆ ಸಂತತಿ ಎಬ್ಬಿಸಲು ಬಲಿತ ಮೀನು ಉಳಿದಿರಬೇಕಲ್ಲ? ಅಂಜಲ್, ತಾಟೆ (ಶಾರ್ಕ್), ಡಾಲ್ಫಿನ್, ಕಡಲಹಕ್ಕಿ ಎಲ್ಲ ಬದುಕುವುದು ಬೂತಾಯಿಯಂಥ ಸಣ್ಣ ಮೀನಿನ ಮೇಲೆ. ಅದು ಹೋದರೆ ದೊಡ್ಡದೂ ಹೋಗುತ್ತದೆ.

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎನ್ನುವುದು ಇದಕ್ಕೆ. ಮೀನು ದೂರ ಓಡಿಹೋಗಿದೆ, ಬೆನ್ನಟ್ಟಿದರೆ ಸಿಗುತ್ತದೆ ಎಂದು ನೀವು ಅಂದುಕೊಂಡಿದ್ದೀರಿ. ಅದು ಬಲಿಯುವ ಮೊದಲೇ ಮಿಲ್ಲಿಗೆ ಹೋಗಿದೆ ಮಾರಾಯ್ರೆ. ಲೈಟ್ ಹಾಕಿ ಹಿಡಿಯುವ ಯೋಚನೆಯಿದ್ದರೆ ಅದನ್ನೂ ಬಿಡಿ, 2017ರಿಂದ ಕೇಂದ್ರವೇ ನಿಷೇಧಿಸಿದೆ, ಮತ್ತು ಅದು ಇದಕ್ಕಿಂತ ಕೆಟ್ಟದ್ದು.

ಬೋಟ್ ಮಾರಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಇಟ್ಟುಕೊಳ್ಳುವುದಾದರೆ ಜೂನ್, ಜುಲೈ ರಜೆಯಲ್ಲಿ ಎಂಜಿನ್ ಬದಲು ಚೀಲ ಬದಲಿಸಿ, 35ರ ಚೌಕ ಕಣ್ಣು. ಟ್ರಿಪ್ ಕಡಿಮೆ ದಿನ ಮಾಡಿ, ಐಸ್ ಹೆಚ್ಚು ಒಯ್ಯಿರಿ, ತಾಜಾ ಮೀನಿಗೆ ಸಿಗುವ ದರ ಬೇರೆಯೇ. ಮತ್ತೆ ನಿಮ್ಮ ಸಂಘದ ಸಭೆಯಲ್ಲಿ ಎದ್ದು ನಿಂತು ಮರಿಮೀನು ಇಳಿಸುವ ಬೋಟ್‌ಗೆ ದಕ್ಕೆಯಲ್ಲಿ ಜಾಗ ಕೊಡಬಾರದು ಎಂದು ಕೇಳಿ. ಕೆಲವರು ಬೈಯುತ್ತಾರೆ. ನಾನು ಬೋಟ್ ಇದ್ದಾಗ ಕೇಳಲಿಲ್ಲ, ಹೋದ ಮೇಲೆ ಕೇಳಿದೆ, ಆಗ ಸಂಘದಲ್ಲಿ ನನ್ನ ಮಾತಿಗೆ ಬೆಲೆ ಇರಲಿಲ್ಲ.