ಪಾಯಿಂಟ್ ಬಿಡಿ, ಆ ಒಂದು ರಾತ್ರಿ ನೋಡಿ

ವರ್ಷಕ್ಕೆ ಎರಡು ಮೂರು ಸಲವಷ್ಟೇ ಹೋಟೆಲ್‌ನಲ್ಲಿ ಉಳಿಯುವವರಿಗೆ ಮ್ಯಾರಿಯಟ್ ಬಾನ್‌ವಾಯ್ (ಮ್ಯಾರಿಯಟ್ ಹೋಟೆಲ್‌ಗಳ ಪಾಯಿಂಟ್ ಯೋಜನೆ) ಎಚ್‌ಡಿಎಫ್‌ಸಿ ಕ್ರೆಡಿಟ್ ಕಾರ್ಡ್ ಬೇಕಾ ಅಂತ ಕೇಳಿದ್ದೀರಿ. ತಗೊಳ್ಳಿ, ಆದರೆ ಪಾಯಿಂಟ್ ಆಸೆಗಲ್ಲ. 2023ರಲ್ಲಿ ಬಂದಾಗ ಇದರ ವಾರ್ಷಿಕ ಫೀ 3,000 ರೂಪಾಯಿ, ಜಿಎಸ್‌ಟಿ ಸೇರಿದರೆ 3,540. ಅದಕ್ಕೆ ಪ್ರತಿಯಾಗಿ, 15,000 ಪಾಯಿಂಟ್‌ವರೆಗಿನ ಮ್ಯಾರಿಯಟ್ ರೂಮಿನಲ್ಲಿ ಒಂದು ರಾತ್ರಿ ಉಚಿತ. ರೂಮಿಗೆ 20,000 ಪಾಯಿಂಟ್ ಕೇಳಿದರೆ ಮಿಕ್ಕ 5,000 ಪಾಯಿಂಟ್ ನಿಮ್ಮ ಬಾನ್‌ವಾಯ್ ಖಾತೆಯಿಂದ ಸೇರಿಸಬಹುದು. ಪಾಯಿಂಟ್ ದರ ದಿನಕ್ಕೊಂದು ಥರ, ಹಾಗಾಗಿ ದಿನಾಂಕ ಹಿಂದೆಮುಂದೆ ಮಾಡಿ ನೋಡಿ. ಈ ಉಚಿತ ರಾತ್ರಿಯನ್ನು ವರ್ಷದೊಳಗೆ ಬಳಸದಿದ್ದರೆ ಕೈತಪ್ಪುತ್ತದೆ! ಜೊತೆಗೆ ಕೊಡುವ ಸಿಲ್ವರ್ ಸದಸ್ಯತ್ವ ದರ್ಜೆ ಸುಮ್ನೆ ಹೆಸರಿಗೆ, ಬೆಳಗಿನ ತಿಂಡಿಯೂ ಅದರಲ್ಲಿ ಬರುವುದಿಲ್ಲ. ಇನ್ನೊಂದು, ಇದು ವೀಸಾ, ರುಪೇ ಥರದ್ದೇ ಆದ ಡೈನರ್ಸ್ ಕ್ಲಬ್ ಜಾಲದ ಕಾರ್ಡ್. ಎಷ್ಟೋ ಸಣ್ಣ ಅಂಗಡಿಗಳಲ್ಲಿ ನಡೆಯುವುದಿಲ್ಲ. ವೀಸಾ ಅಥವಾ ರುಪೇ ಒಂದು ಜೊತೆಗಿರಲಿ.