ಡೇರಿಯ ವಾರ್ಷಿಕ ಸಭೆಯಲ್ಲಿ ಮೊದಲ ಸಲ ವರದಿ ಹೇಳಬೇಕು, ಕೈಕಾಲು ನಡುಗುತ್ತೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿದ ತಕ್ಷಣ ಬರೆಯಲೇಬೇಕು ಅನ್ನಿಸಿತು. ಬಿ.ಕಾಂ ಮುಗಿಸಿ ಎಂಟು ತಿಂಗಳ ಹಿಂದೆ ನಿಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಕಾರ್ಯದರ್ಶಿಯಾಗಿದ್ದೀರಿ. ಸೆಪ್ಟೆಂಬರ್‌ನಲ್ಲಿ ಮಹಾಸಭೆ. ಇನ್ನೂರು ಸದಸ್ಯರ ಮುಂದೆ ವರದಿ ಮಂಡಿಸಬೇಕು. ಲೆಕ್ಕ ಬರುತ್ತೆ, ಮಾತು ಬರಲ್ಲ, ಮೇಲಿನ ಹಾಲು ಒಕ್ಕೂಟಕ್ಕೆ ಪತ್ರ ಬರೆದರೆ ಉತ್ತರವೂ ಬರಲ್ಲ, ಯಾವ ಕೋರ್ಸ್ ಸೇರಲಿ ಅಂತ ಕೇಳಿದ್ದೀರಿ.

ಹಾಸನದ ಕಡೆಯ ಒಂದು ಹಳ್ಳಿ ಡೇರಿಯಲ್ಲಿ ನಾನು 22 ವರ್ಷ ಇದೇ ಕೆಲಸ ಮಾಡಿದವಳು. ಸದ್ಯಕ್ಕೆ ಕೋರ್ಸ್ ಬೇಡ. ಸಭೆಗೆ ಬರುವವರು ಏನು ತಿಳಿದುಕೊಳ್ಳಲು ಬರುತ್ತಾರೆ ಅನ್ನುವುದು ನಿಮಗೆ ಆಗಲೇ ಗೊತ್ತಿದೆ. ದಿನಾ ಎರಡು ಹೊತ್ತು ಅವರನ್ನು ನೋಡುತ್ತೀರಲ್ಲ. ಅದನ್ನು ಮೊದಲು ಹೇಳಿ, ಅವರು ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳುವ ಹಾಗೆ ಹೇಳಿ. ನಾನು ಇಷ್ಟು ಕಲಿಯುವುದಕ್ಕೆ ಮೂರು ಸಭೆ ಬೇಕಾಯಿತು.

ನನ್ನ ಮೊದಲ ಸಭೆ ದೇವಸ್ಥಾನದ ಮುಂದೆ, ಶಾಮಿಯಾನದ ಕೆಳಗೆ. ಕೈಯಲ್ಲಿ 14 ಪುಟದ ವರದಿ. ಹಿಂದಿನವರು ಹೇಗೆ ಓದುತ್ತಿದ್ದರೋ ಹಾಗೇ ಓದಿದೆ. ಹಿಂದಿನ ಸಭೆಯ ನಡಾವಳಿ, ಜಮಾ ಖರ್ಚು, ಲಾಭ ನಷ್ಟ, ಅಢಾವೆ ಪತ್ರಿಕೆ, ಆಡಿಟ್ ವರದಿ. ಒಂಬತ್ತನೇ ಪುಟಕ್ಕೆ ಬಂದಿದ್ದೆ. ಮುಂದಿನ ಸಾಲಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡು ಕೂತಿದ್ದ ಒಬ್ಬ ಅಜ್ಜ ಎದ್ದು ನಿಂತರು. "ಸೆಕ್ರೆಟ್ರಮ್ಮ, ಹಾಲು ಕರೆಯೋ ಹೊತ್ತಾಯ್ತು. ಬೋನಸ್ ಎಷ್ಟು ಅಂತ ಹೇಳ್ಬಿಡವ್ವ, ಹೋಯ್ತೀವಿ" ಅಂದರು. ಕೋಪದಿಂದ ಅಲ್ಲ, ಮೆತ್ತಗೇ ಹೇಳಿದರು. ನಾನು ಹೇಳಿದೆ. ಅರ್ಧ ಶಾಮಿಯಾನ ಖಾಲಿಯಾಯಿತು.

ಜನ ಎದ್ದುಹೋದದ್ದಕ್ಕಿಂತ ಆಮೇಲೆ ಆದದ್ದು ಜಾಸ್ತಿ ನೋವು ಕೊಟ್ಟಿತು. ಸಂಘಕ್ಕೆ ಸ್ವಂತ ಕಟ್ಟಡ ಕಟ್ಟುವ ವಿಷಯ ಹನ್ನೆರಡನೇ ಪುಟದಲ್ಲಿತ್ತು. ಅದನ್ನು ಉಳಿದ ಮೂವತ್ತು ನಲವತ್ತು ಜನ ಕೈ ಎತ್ತಿ ಒಪ್ಪಿದರು. ಮಿಕ್ಕವರಿಗೆ ಗೊತ್ತಾಗಿದ್ದು ತಳಪಾಯ ತೋಡಿದಾಗ. "ನಮ್ಮನ್ನು ಕೇಳದೇ ದುಡ್ಡು ಹಾಕಿದ್ರು" ಅನ್ನುವ ಮಾತು ವರ್ಷವಿಡೀ ಕ್ಯೂನಲ್ಲಿ ಓಡಾಡಿತು. ಯಾರೂ ಸುಳ್ಳು ಹೇಳಿರಲಿಲ್ಲ, ಏನನ್ನೂ ಮುಚ್ಚಿಟ್ಟಿರಲಿಲ್ಲ. ಮೊದಲು ಹೇಳಬೇಕಾದ್ದನ್ನು ನಾನು ಕೊನೆಗೆ ಇಟ್ಟಿದ್ದೆ, ಅಷ್ಟೇ.

ಮೂರನೇ ವರ್ಷ ಹೀಗೆ ಶುರು ಮಾಡಿದೆ: "ಈ ವರ್ಷ ನಾವೆಲ್ಲ ಸೇರಿ 3,65,000 ಲೀಟರ್ ಹಾಲು ಹಾಕಿದ್ದೇವೆ. ಅಂದರೆ ದಿನಕ್ಕೆ ಸಾವಿರ ಲೀಟರ್. ಲೀಟರಿಗೆ 60 ಪೈಸೆ ಬೋನಸ್ ಕೊಡಬಹುದು ಅಂತ ಆಡಳಿತ ಮಂಡಳಿ ನಿಮ್ಮ ಮುಂದೆ ಇಡುತ್ತಿದೆ. ದಿನಕ್ಕೆ 10 ಲೀಟರ್ ಹಾಕಿದವರ ಕೈಗೆ 2,190 ರೂಪಾಯಿ ಬರುತ್ತೆ."

ಬೋನಸ್ ಮೊದಲೇ ಹೇಳಿದರೆ ಎಲ್ಲರೂ ಎದ್ದು ಹೋಗುತ್ತಾರೆ ಅಂತ ಅಧ್ಯಕ್ಷರು ಹೆದರಿದ್ದರು. ಯಾರೂ ಹೋಗಲಿಲ್ಲ. ಬದಲಿಗೆ ಹಿಂದಿನಿಂದ ಒಂದು ಪ್ರಶ್ನೆ ಬಂತು: "ಹೋದ ವರ್ಷ 75 ಪೈಸೆ ಇತ್ತಲ್ಲ, ಈ ಸಲ ಯಾಕೆ ಕಮ್ಮಿ?" ನನಗೆ ಬೇಕಾಗಿದ್ದೇ ಆ ಪ್ರಶ್ನೆ. ಲಾಭ ಎಷ್ಟು, ಖರ್ಚು ಎಲ್ಲಿ ಏರಿತು ಅಂತ ಹೇಳಲು ಬಾಗಿಲು ತೆರೆಯಿತು. ಲಾಭದಲ್ಲಿ ಕಾಲು ಭಾಗ ಕಾನೂನಿನ ಪ್ರಕಾರ ಮೀಸಲು ನಿಧಿಗೆ ಹೋಗಲೇಬೇಕು, ಅದನ್ನು ಹಂಚುವ ಹಾಗಿಲ್ಲ. ಇದನ್ನು ಎರಡು ವರ್ಷ ಕಾನೂನಿನ ಭಾಷೆಯಲ್ಲಿ ಓದಿದ್ದೆ, ಯಾರಿಗೂ ತಲೆಗೆ ಹೋಗಿರಲಿಲ್ಲ. ಆವತ್ತು "ಬಿತ್ತನೆ ರಾಗಿ ತೆಗೆದಿಟ್ಟು ಮಿಕ್ಕಿದ್ದನ್ನು ಬೀಸೋಕೆ ಹಾಕ್ತೀವಲ್ಲ, ಹಾಗೆ" ಅಂದೆ. ಆ ಮಾತಿಗೆ ಇನ್ನೊಂದು ಪ್ರಶ್ನೆ ಬರಲಿಲ್ಲ.

ಹಾಗಂತ ವರದಿ ಬಿಟ್ಟುಬಿಡಿ ಅಂತ ಅಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಪ್ರಕಾರ ಸೆಪ್ಟೆಂಬರ್ 25ರೊಳಗೆ ಸಭೆ ಆಗಬೇಕು. ಆಡಿಟ್ ವರದಿ, ಲೆಕ್ಕಪತ್ರ ಎಲ್ಲ ಸಭೆ ಮುಂದೆ ಬರಬೇಕು. ಅದನ್ನು ಅಚ್ಚು ಹಾಕಿಸಿ, ನೋಟಿಸ್ ಜೊತೆಗೇ ಮನೆಮನೆಗೆ ಹಂಚಿ. ಓದಬಲ್ಲವರು ಓದಿಕೊಂಡು ಬರುತ್ತಾರೆ. ಸಭೆಯಲ್ಲಿ ನೀವು ಆ ಪುಟಗಳ ಅರ್ಥ ಹೇಳಿ. ಎಲ್ಲರಿಗೂ ಕೊಟ್ಟ ಹಾಳೆಯನ್ನೇ ಮತ್ತೆ ಓದುತ್ತಾ ನಿಂತರೆ ನಿಮಗೂ ಸುಸ್ತು, ಅವರಿಗೂ ಸುಸ್ತು.

ಇನ್ನು ನಿಮಗೆ ಜಾಸ್ತಿ ಭಯ ಇರುವುದು ಜಗಳದ್ದು, ಅಲ್ವಾ? "ಯಾರಾದರೂ ಎದ್ದು ಕೂಗಿದರೆ?" ಅಂತ ಬರೆದಿದ್ದೀರಿ. ಕೂಗುತ್ತಾರೆ. ಡೇರಿಯಲ್ಲಿ ಆ ಕೂಗು ಹೆಚ್ಚಾಗಿ ಫ್ಯಾಟಿನ, ಅಂದರೆ ಹಾಲಿನ ಜಿಡ್ಡಿನ ಬಗ್ಗೆಯೇ ಇರುತ್ತೆ. ನಮ್ಮಲ್ಲಿ ಒಬ್ಬರು ಎದ್ದು "ನನ್ನ ಹಾಲಿಗೆ ಒಂದು ಹೊತ್ತು ಮೂರು, ಇನ್ನೊಂದು ಹೊತ್ತು ನಾಲ್ಕು. ಹಸು ಅದೇ, ಹುಲ್ಲು ಅದೇ. ಮಿಷನ್ನೇ ಮೋಸ" ಅಂದರು. ಶಾಮಿಯಾನ ಪೂರ್ತಿ ಗಲಾಟೆ. ನನಗೆ ತಕ್ಷಣ ಬಾಯಿಗೆ ಬಂದಿದ್ದು "ಮಿಷನ್ ಸರಿಯಾಗಿದೆ" ಅನ್ನುವ ಉತ್ತರ. ಅದನ್ನು ಹೇಳಿದ್ದರೆ ಜಗಳ ಅಲ್ಲೇ ಹತ್ತಿಕೊಳ್ಳುತ್ತಿತ್ತು. ಸ್ವಲ್ಪ ತಡೆದು, ಅವರು ಕೇಳಿದ್ದನ್ನೇ ಮೈಕಿನಲ್ಲಿ ಮತ್ತೆ ಹೇಳಿದೆ: "ಅದೇ ಹಸು, ಅದೇ ಹುಲ್ಲು, ಆದರೂ ಬೆಳಗ್ಗೆ ಸಂಜೆ ಫ್ಯಾಟ್ ಯಾಕೆ ಬೇರೆ ಬರುತ್ತೆ ಅಂತ ಇವರು ಕೇಳ್ತಿದ್ದಾರೆ. ಸರಿ ಅಲ್ವಾ ಅಣ್ಣಾ?" ಅವರು ಹೌದು ಅಂದರು. ಅಷ್ಟಕ್ಕೇ ಅರ್ಧ ಬಿಸಿ ಇಳಿಯಿತು. ತನ್ನ ಮಾತು ಸರಿಯಾಗಿ ಕೇಳಿಸಿದೆ ಅಂತ ಗೊತ್ತಾದರೆ ಮನುಷ್ಯ ದನಿ ತಗ್ಗಿಸುತ್ತಾನೆ. ಹಿಂದೆ ಕೂತವರಿಗೂ ಪ್ರಶ್ನೆ ಏನು ಅಂತ ಆಗಲೇ ಗೊತ್ತಾಗುವುದು.

ಆಮೇಲೆ ಕಾರಣ ಹೇಳಿದೆ. ರಾತ್ರಿಯ ಬಿಡುವು ಉದ್ದ, ಹಾಲು ಜಾಸ್ತಿ ಕೂಡುತ್ತೆ, ಜಿಡ್ಡಿನ ಪ್ರಮಾಣ ಇಳಿಯುತ್ತೆ. ಸಂಜೆ ಹಾಲು ಕಮ್ಮಿ, ಜಿಡ್ಡು ಹೆಚ್ಚು. ಕರೆಯುವಾಗ ಮೊದಲು ಬರುವ ಹಾಲು ತೆಳು, ಕೊನೆಯದು ಗಟ್ಟಿ. ಕೊನೆ ಹಾಲನ್ನು ಕರುವಿಗೆ ಬಿಟ್ಟರೆ ಫ್ಯಾಟ್ ಕರುವಿನ ಹೊಟ್ಟೆಗೆ ಹೋಗುತ್ತೆ. ಹೇಳಿದ್ದು ಇಷ್ಟೇ. ಅವರ ಮುಖ ನೋಡಿದರೆ ಇನ್ನೂ ನಂಬಿಕೆ ಬಂದಿರಲಿಲ್ಲ. "ನಾಳೆ ಬೆಳಗ್ಗೆ ನಿಮ್ಮ ಹಸುವಿನ ಹಾಲನ್ನೇ ಎರಡು ಲೋಟದಲ್ಲಿ ತನ್ನಿ. ಮೊದಲು ಕರೆದದ್ದು ಒಂದರಲ್ಲಿ, ಕೊನೆಯದು ಒಂದರಲ್ಲಿ. ಎಲ್ಲರ ಮುಂದೆ ನೋಡೋಣ" ಅಂದೆ.

ಮಾರನೇ ದಿನ ಆರು ಗಂಟೆಗೆ ಅವರು ಎರಡು ಸ್ಟೀಲ್ ಲೋಟ ಹಿಡಿದು ಬಂದರು. ಕ್ಯೂನಲ್ಲಿದ್ದವರೆಲ್ಲ ಕ್ಯಾನು ಕೆಳಗಿಟ್ಟು ಸುತ್ತ ನಿಂತರು. ಟೆಸ್ಟರ್ ಮೊದಲ ಲೋಟ ಕಲಕಿ ಮಿಷನ್ನಿಗೆ ಇಟ್ಟ. ಎರಡರ ಒಳಗೇ ನಿಂತಿತು. ಎರಡನೇ ಲೋಟಕ್ಕೆ ಆರು ದಾಟಿತು. ಅವರು ಪರದೆ ನೋಡಿದರು, ಲೋಟ ನೋಡಿದರು, "ಹಂಗಾರೆ ಇಷ್ಟು ದಿನ ಕರಾನೇ ಕುಡ್ಕಂಡಿತ್ತು" ಅಂದರು. ಅವತ್ತಿನಿಂದ ಫ್ಯಾಟಿನ ಬಗ್ಗೆ ಬೇರೆಯವರಿಗೆ ವಿವರಿಸುತ್ತಿದ್ದವರು ಅವರೇ. ನನ್ನ ಇಪ್ಪತ್ತು ಭಾಷಣ ಮಾಡಲಾಗದ್ದನ್ನು ಆ ಎರಡು ಲೋಟ ಮಾಡಿದವು. ನಿಮಗೆ ವಿವರಿಸಲು ಕಷ್ಟವಾದ ವಿಷಯ ಇದ್ದರೆ, ಅದನ್ನು ಕಣ್ಣಿಗೆ ತೋರಿಸಲು ಆಗುತ್ತಾ ಅಂತ ಮೊದಲು ಯೋಚಿಸಿ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಊಹಿಸಿ ಹೇಳಬೇಡಿ. "ಕಡತ ನೋಡಿ ಶುಕ್ರವಾರ ಬೆಳಗ್ಗೆ ಬೋರ್ಡಿನಲ್ಲಿ ಬರೆಯುತ್ತೇನೆ" ಅನ್ನಿ. ಶುಕ್ರವಾರ ಬೆಳಗ್ಗೆ ಬೋರ್ಡಿನಲ್ಲಿ ಅದು ಇರಲೇಬೇಕು. ಒಬ್ಬರ ಸ್ವಂತ ಬಟವಾಡೆ, ಸಾಲದ ವಿಷಯ ಬಂದರೆ ಸಭೆಯಲ್ಲಿ ಬಿಚ್ಚಬೇಡಿ. "ಪಾಸ್‌ಬುಕ್ ತನ್ನಿ, ಕೂತು ನೋಡೋಣ" ಅಂದರೆ ಅವರ ಮರ್ಯಾದೆಯೂ ಉಳಿಯುತ್ತೆ.

ಒಂದು ವಿಷಯ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು, ಹಾಗಾಗಿ ಇಲ್ಲೇ ಹೇಳುತ್ತೇನೆ. ಹಾಲು ಕರೆದು ತರುವವರಲ್ಲಿ ಹೆಂಗಸರೇ ಜಾಸ್ತಿ. ಸಭೆಯಲ್ಲಿ ಪ್ರಶ್ನೆ ಕೇಳುವವರು ಗಂಡಸರು. ಹೆಂಗಸರು ಹಿಂದೆ ಕೂತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ನಾನು ವೈರ್ ಇಲ್ಲದ ಮೈಕ್ ಬಾಡಿಗೆಗೆ ತರಿಸಿ, ಅವರು ಕೂತಲ್ಲಿಗೇ ಹೋಗಿ ಕೊಡುತ್ತಿದ್ದೆ. ಮೊದಲ ವರ್ಷ ಒಬ್ಬರೂ ಬಾಯಿ ಬಿಡಲಿಲ್ಲ. ಎರಡನೇ ವರ್ಷ ಒಬ್ಬರು "ಪಶು ಆಹಾರದ ಮೂಟೆ ತೂಕ ಕಮ್ಮಿ ಬರ್ತಿದೆ" ಅಂದರು. ತೂಗಿ ನೋಡಿದೆವು, ನಿಜವಾಗಿಯೂ ಕಮ್ಮಿ ಇತ್ತು. ಮುಂದೆ ಕೂತ ಯಾರಿಗೂ ಅದು ಗೊತ್ತೇ ಇರಲಿಲ್ಲ. ಕೊಟ್ಟಿಗೆಯಲ್ಲಿ ಮೂಟೆ ಬಿಚ್ಚುವವರಿಗೆ ಗೊತ್ತಿತ್ತು. ನೀವು ಹೇಳುವುದಷ್ಟೇ ಸಭೆ ಅಲ್ಲ, ನಿಮಗೆ ಗೊತ್ತಿಲ್ಲದ್ದು ಅಲ್ಲಿಂದಲೇ ಬರಬೇಕು. ದಯವಿಟ್ಟು ಮೈಕನ್ನು ಹಿಂದಿನ ಸಾಲಿಗೆ ಕೊಂಡೊಯ್ಯಿರಿ.

ಈಗ ನಡುಕದ ವಿಷಯ. ನಡುಕ ಎಲ್ಲರಿಗೂ ಬರುತ್ತೆ. ಹೆದರಿದಾಗ ಮೈ ತಾನೇ ಸಜ್ಜಾಗುತ್ತೆ, ಎದೆ ಜೋರಾಗಿ ಬಡಿಯುತ್ತೆ, ಬಾಯಿ ಒಣಗುತ್ತೆ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಅದು ತಾನಾಗೇ ಇಳಿಯಲು ಶುರುವಾಗುತ್ತೆ. ಆ ಎರಡು ನಿಮಿಷ ದಾಟಲು ಮೊದಲ ನಾಲ್ಕು ವಾಕ್ಯ ಬಾಯಿಪಾಠ ಮಾಡಿ, ಮಿಕ್ಕಿದ್ದನ್ನು ಮಾಡಬೇಡಿ. ಪೂರ್ತಿ ಬಾಯಿಪಾಠ ಮಾಡಿದರೆ ಒಂದು ಪದ ತಪ್ಪಿದ ಕೂಡಲೇ ಎಲ್ಲ ಮರೆತುಹೋಗುತ್ತೆ. ತೆಳು ಹಾಳೆ ಕೈಯಲ್ಲಿ ನಡುಗುವುದು ಎಲ್ಲರಿಗೂ ಕಾಣುತ್ತೆ, ಅದಕ್ಕೆ ರಟ್ಟಿನ ಪ್ಯಾಡ್ ಹಿಡಿದುಕೊಳ್ಳಿ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಅಂಕಿಗಳು ಮಾತ್ರ. ಎದ್ದು ನಿಂತ ಮೇಲೆ ಉಸಿರನ್ನು ನಿಧಾನ ಹೊರಗೆ ಬಿಡಿ, ಪರಿಚಯದ ಒಂದು ಮುಖ ಹುಡುಕಿ, ಅವರಿಗೇ ಹೇಳುವ ಹಾಗೆ ಮೊದಲ ವಾಕ್ಯ ಹೇಳಿ.

ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಸ್ಪೀಕರ್ ಪೆಟ್ಟಿಗೆ ನಿಮ್ಮ ಮುಂದಕ್ಕೆ, ಜನರ ಕಡೆ ತಿರುಗಿರಲಿ. ಮೈಕ್ ಅದರ ಎದುರಿಗೆ ಬಂದರೆ ಕುಯ್ಯ್ ಅನ್ನುತ್ತೆ, ನಿಮ್ಮ ಧೈರ್ಯ ಅಲ್ಲೇ ಹೋಗುತ್ತೆ. ಜನ ಬರುವ ಮುಂಚೆ ಹೋಗಿ ಒಂದು ಸಲ ಮಾತಾಡಿ ನೋಡಿ. ಅಂಕಿ ಹೇಳಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ನೆ ನಿಲ್ಲಿ. ನಿಮಗೆ ಅದು ತುಂಬಾ ಹೊತ್ತು ಅನ್ನಿಸುತ್ತೆ, ಕೇಳುವವರು ಆಗ ಮನಸ್ಸಲ್ಲೇ ತಮ್ಮ ಲೆಕ್ಕ ಹಾಕುತ್ತಿರುತ್ತಾರೆ.

ಅಭ್ಯಾಸಕ್ಕೆ ಒಂದು ದಾರಿ ನನ್ನ ತಮ್ಮನ ಮಗನಿಂದ ಸಿಕ್ಕಿತು. ಬೆಂಗಳೂರಿನಲ್ಲಿ ಅವನು ಭಾಷಣ ಮಾಡುವುದನ್ನು ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಹೋಗುತ್ತಾನೆ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಸಾಮಾನ್ಯವಾಗಿ ಒಂದು ಭಾಷಣಕ್ಕೆ ಐದರಿಂದ ಏಳು ನಿಮಿಷ. ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಎಷ್ಟು ಸಲ "ಆಂ" ಅಂದಿರಿ ಅಂತ ಎಣಿಸಲು ಬೇರೆ ಒಬ್ಬರು ಇರುತ್ತಾರಂತೆ. ನಾನು ಮನೆಯಲ್ಲೇ ಅದನ್ನು ಮಾಡಿದೆ. ಮಗಳು ಫೋನಿನಲ್ಲಿ ಏಳು ನಿಮಿಷ ಇಟ್ಟು, ನಾನು "ಏನಪ್ಪಾ ಅಂದ್ರೆ" ಅಂದಾಗೆಲ್ಲ ಒಂದೊಂದು ಗೆರೆ ಎಳೆದಳು. ಮೊದಲ ದಿನ 23 ಗೆರೆ, ವಾರದಲ್ಲಿ ಐದಕ್ಕೆ ಇಳಿಯಿತು. ನಿಮ್ಮ ಮನೆಯಲ್ಲೂ ಒಬ್ಬರಿಗೆ ಈ ಕೆಲಸ ಕೊಡಿ.

ಪತ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲೂ ಮಾಡಬೇಕಾದ್ದು ಇದನ್ನೇ. ನಾವೆಲ್ಲ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಶುರು ಮಾಡಿ, ಬೇಕಾದ್ದನ್ನು ಎರಡನೇ ಪುಟಕ್ಕೆ ತಳ್ಳುತ್ತೇವೆ. ಹೀಗೆ ಬರೆದು ನೋಡಿ: "ನಮ್ಮ ಸಂಘದ ಹಾಲು ಪರೀಕ್ಷೆ ಯಂತ್ರ ಜೂನ್ 3ರಿಂದ ಕೆಟ್ಟಿದೆ. ದಯವಿಟ್ಟು ಜೂನ್ 10ರೊಳಗೆ ರಿಪೇರಿಯವರನ್ನು ಕಳಿಸಿಕೊಡಿ. 180 ಸದಸ್ಯರ ಬಟವಾಡೆಗೆ ತೊಂದರೆಯಾಗಿದೆ." ಒಂದು ಪತ್ರಕ್ಕೆ ಒಂದೇ ವಿಷಯ. ಹಿಂದೆ ಬರೆದಿದ್ದರೆ ಆ ಪತ್ರದ ನಂಬರು, ತಾರೀಖು ಹಾಕಿ. ಯಾರ ಕೈಲಿ ಆಗುವ ಕೆಲಸವೋ ಅವರಿಗೇ ಬರೆಯಿರಿ. ಹಳ್ಳಿಯಲ್ಲಿ ಸಂಘ, ಅದರ ಮೇಲೆ ಹಾಲು ಒಕ್ಕೂಟ, ರಾಜ್ಯಕ್ಕೆ ಕೆಎಂಎಫ್. ಒಕ್ಕೂಟದ ವಿಸ್ತರಣಾಧಿಕಾರಿ ಮಾಡಿಕೊಡಬಹುದಾದ ಕೆಲಸಕ್ಕೆ ಬೆಂಗಳೂರಿಗೆ ಪತ್ರ ಹಾಕಿದರೆ ಅದು ಸುತ್ತಿ ಬಳಸಿ ಮತ್ತೆ ಅವರ ಮೇಜಿಗೇ ಬರುತ್ತೆ.

ಸಭೆಯ ನೋಟಿಸನ್ನು ವಾಟ್ಸಾಪ್ ಗುಂಪಿಗೆ ಹಾಕಿ ಸುಮ್ಮನಾಗಬೇಡಿ. ಎಷ್ಟೋ ಜನರ ಫೋನ್ ಮಗನ ಹತ್ತಿರ ಇರುತ್ತೆ, ಮಗ ಊರಲ್ಲೇ ಇರಲ್ಲ. ಬೋರ್ಡಿನಲ್ಲೂ ಬರೆಯಿರಿ, ಹಾಲು ಹಾಕುವ ಹೊತ್ತಲ್ಲಿ ಬಾಯಲ್ಲೂ ಹೇಳಿ. ಸಭೆಯನ್ನು ಮಧ್ಯಾಹ್ನ ಮೂರಕ್ಕೆ ಮುಗಿಯುವ ಹಾಗೆ ಇಡಿ, ಸಂಜೆ ಹಾಲು ಕರೆಯಲು ಅವರು ಹೋಗಲೇಬೇಕು.

ನಿಮ್ಮ ಸಂಘದ ಈ ವರ್ಷದ ಲೀಟರ್, ಲಾಭ, ಬೋನಸ್ ಮೂರೂ ನಿಮ್ಮ ಹತ್ತಿರ ಇರುತ್ತಲ್ಲ. ಇವತ್ತು ರಾತ್ರಿ ಕೂತು ಮೊದಲ ನಾಲ್ಕು ವಾಕ್ಯ ಬರೆಯಿರಿ. ನಾಳೆ ಬೆಳಗ್ಗೆ ಹಾಲು ಹಾಕಲು ಬರುವ, ಹೆಚ್ಚು ಓದಿಲ್ಲದ ಒಬ್ಬ ಅಜ್ಜಿಗೆ ಅದನ್ನು ಹೇಳಿ, "ಏನು ಅರ್ಥ ಆಯ್ತು ಹೇಳಜ್ಜಿ" ಅಂತ ಕೇಳಿ. ಅವರು ತಿರುಗಿ ಹೇಳಿದ್ದನ್ನು ಹಾಗೇ ಬರೆದುಕೊಂಡು ನನಗೂ ಕಳಿಸಿ, ಇಬ್ಬರೂ ಸೇರಿ ತಿದ್ದೋಣ.