ಅದು ಹಟವಲ್ಲ, ಶೌಚದ ಭಯವಿರಬಹುದು

ನಿಮ್ಮ ಮಗಳು ತಿಂಡಿ, ನೀರು ಬಿಡುವುದಕ್ಕೆ ಕಾರಣ ಹೆಚ್ಚಾಗಿ ತರಗತಿಯ ನಡುವೆ ಶೌಚಕ್ಕೆ ಓಡಬೇಕಾದೀತೆಂಬ ಭಯ. ಕ್ರೋನ್ಸ್ (ಕರುಳಿನಲ್ಲಿ ಉರಿಯೂತ ತರುವ ದೀರ್ಘಕಾಲದ ಕಾಯಿಲೆ) ಇರುವ ಹನ್ನೊಂದು ವರ್ಷದ ಮಗಳು ತಿಂಡಿ ಮುಟ್ಟದೆ ಕೋಲಾರದ ಶಾಲೆಗೆ ಹೋಗುತ್ತಾಳೆ, ನೀರಿನ ಬಾಟಲಿಯನ್ನು ತುಂಬಿದ್ದಂತೆಯೇ ವಾಪಸು ತರುತ್ತಾಳೆ ಎಂದಿದ್ದೀರಿ. ನನ್ನ ಮಗನೂ ಹೀಗೆಯೇ ಮಾಡುತ್ತಿದ್ದ.

ಆದರೆ ಕಾಯಿಲೆ ಮತ್ತೆ ಕೆರಳಿದೆಯೋ ಎಂಬುದನ್ನು ನಾನು ಇಲ್ಲಿಂದ ಹೇಳಲಾರೆ. ಮಲದಲ್ಲಿ ರಕ್ತ, ಜ್ವರ, ರಾತ್ರಿ ಎದ್ದು ಶೌಚಕ್ಕೆ ಹೋಗುವುದು, ತೂಕ ಇಳಿಕೆ ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರಿಗೆ ತಿಳಿಸಿ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಬೇಕೇ ಎಂದು ಕೇಳಿ; ಕರುಳಿನಲ್ಲಿ ಉರಿಯೂತ ಇದೆಯೇ ಎಂಬ ಸುಳಿವು ಅದರಿಂದ ಸಿಗುತ್ತದೆ.

ಆಮೇಲೆ ವೈದ್ಯರಿಂದ ಪತ್ರ ಬರೆಸಿಕೊಂಡು ತರಗತಿ ಶಿಕ್ಷಕಿಯನ್ನು ಒಬ್ಬರೇ ಇರುವಾಗ ಕಾಣಿ. ಕೈಯೆತ್ತಿ ಅನುಮತಿ ಕೇಳುವುದೇ ಮಕ್ಕಳಿಗೆ ದೊಡ್ಡ ಅವಮಾನ. ನನ್ನ ಮಗ ಶಿಕ್ಷಕಿಯೊಡನೆ ಮಾತಾಡಿಕೊಂಡ ಗುರುತಿನಂತೆ ಡೆಸ್ಕಿನ ಅಂಚಿಗೆ ನೀಲಿ ರಬ್ಬರ್ ಇಟ್ಟು ಎದ್ದು ಹೋಗುತ್ತಿದ್ದ. ಯಾರೂ ಏನೂ ಕೇಳುತ್ತಿರಲಿಲ್ಲ. ಬ್ಯಾಗಿನ ತಳದಲ್ಲಿ ಒಂದು ಜೊತೆ ಒಳಉಡುಪು, ಒಂದು ಕವರ್ ಇರಲಿ. ಅದು ಇದೆಯೆಂಬ ಧೈರ್ಯವೇ ಅರ್ಧ ಔಷಧಿ.

ತಿಂಡಿಗೆ ಒತ್ತಾಯ ಬೇಡ. ಅರ್ಧ ಗಂಟೆ ಮುಂಚೆ ಎಬ್ಬಿಸಿ, ಸೋಸಿದ ರಾಗಿ ಗಂಜಿ ಒಂದು ಲೋಟ ಕೊಟ್ಟು ನೋಡಿ. ಮುದ್ದೆಯಿಂದಲೇ ಕಾಯಿಲೆ ಬಂತೆನ್ನುವ ನೆಂಟರಿಗೆ ಕಿವಿಗೊಡಬೇಡಿ. ಕರುಳು ಕಿರಿದಾಗಿದೆ ಎಂದು ವೈದ್ಯರು ಹೇಳಿದ್ದರೆ ಮಾತ್ರ ನಾರಿನ ಆಹಾರ ಎಷ್ಟಿರಬೇಕೆಂದು ಅವರನ್ನೇ ಕೇಳಿ.

ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ. ಹೊಟ್ಟೆನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ತಂದು ಕೊಡಲೂ ಬೇಡಿ.